ನಿಂಗೆ ಇದು ಸಾಲಲ್ಲ ಗುರು!

ವರ್ಷಗಟ್ಟಲೆ ಮಣ್ಣಿನ ಹಾದಿಯಲ್ಲೇ ಡರ್ಟ್ ಬೈಕ್ ಓಡಿಸಿದವನು ನಾನು. ಈಗ ರಸ್ತೆಯಲ್ಲಿ ಓಡಿಸೋಕೆ ಒಂದು ಬೈಕ್ ತಗೋಬೇಕು ಅಂತ ಬಾಯಿ ಬಿಟ್ಟಿದ್ದೇ ತಡ, ಕಂಡಕಂಡವರೆಲ್ಲ ತಜ್ಞರಾಗಿಬಿಟ್ಟಿದ್ದಾರೆ. ನಿನ್ನೆ ಲಿಫ್ಟಿನಲ್ಲಿ ಸಿಕ್ಕವರೊಬ್ಬರು, "ಇಷ್ಟು ವರ್ಷ ಕಲ್ಲುಮಣ್ಣಲ್ಲಿ ಓಡಿಸಿದವರಿಗೆ ಡಾಂಬರು ರಸ್ತೆ ಯಾವ ಲೆಕ್ಕ ಬಿಡಿ" ಅಂದರು. ಮೂರನೇ ಮಹಡಿಯಲ್ಲಿ ಇಳಿಯುವಷ್ಟರಲ್ಲಿ ಎರಡು ಬೈಕಿನ ಹೆಸರನ್ನೂ ಹೇಳಿ ಹೋದರು.

ಇವರೆಲ್ಲರಿಗೂ ತಲೆಯಾಳು ಅಂದರೆ ನನ್ನ ಪಕ್ಕದ ಮೇಜಿನ ಸಹೋದ್ಯೋಗಿ. ಯಾವ ಬೈಕ್ ತೋರಿಸಿದರೂ ಅವನದು ಒಂದೇ ಮಾತು. "ನಿಂಗೆ ಇದು ಸಾಲಲ್ಲ ಗುರು. ಒಂದೇ ತಿಂಗಳಿಗೆ ಬೋರ್ ಹೊಡೆಯುತ್ತೆ." 300 ಸಿಸಿ ಎಂಜಿನ್ ಸಾಲಲ್ಲ. 400 ಸಿಸಿ ಸಾಲಲ್ಲ. ಎರಡು ಸಿಲಿಂಡರಿನ 650 ಸಿಸಿಯ ವಿ-ಟ್ವಿನ್ ತೋರಿಸಿದೆ. ಹಲ್ಲಿನ ಡಾಕ್ಟರ್ ಎಕ್ಸ್‌ರೇ ನೋಡುವ ಹಾಗೆ ಫೋನನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದ. ಅದೂ ಸಾಲಲ್ಲ! ಅವನ ಪ್ರಕಾರ ನಾನು ನಾಲ್ಕು ಸಿಲಿಂಡರಿನ 600 ಸಿಸಿ ಸೂಪರ್‌ಸ್ಪೋರ್ಟ್, ಅಂದರೆ ರೇಸ್ ಬೈಕಿನಂಥದ್ದು ತಗೋಬೇಕು. ಮೊದಲ ಗೇರಿನಲ್ಲೇ ಗಂಟೆಗೆ 100 ಕಿ.ಮೀ. ದಾಟುವ ಗಾಡಿ ಅದು. ಸಿಗ್ನಲ್ಲಿಂದ ಸಿಗ್ನಲ್ಲಿಗೆ ತೆವಳುವ ನನಗೆ ಉಳಿದ ಐದು ಗೇರು ಯಾಕೆ, ಉಪ್ಪಿನಕಾಯಿ ಹಾಕೋಕಾ? ಅವನು ಓಡಿಸೋದು ಆಟೊಮ್ಯಾಟಿಕ್ ಕಾರು. ರಿವರ್ಸ್ ತೆಗೆಯುವಾಗ ಸೆನ್ಸರ್ ಬೀಪ್ ಅಂದರೆ ಇಳಿದು ಬಂದು ನೋಡುತ್ತಾನೆ. ಮೊನ್ನೆ ಆಫೀಸಿಗೆ ಹೊಸ ಸ್ಟೇಪ್ಲರ್ ಬಂತು. ಕೈಯಲ್ಲಿ ತೂಗಿ ನೋಡಿ, "ಸಾಲಲ್ಲ" ಅಂದ.

ನನ್ನ ಸಮಸ್ಯೆ ಸಿಸಿಯದ್ದಲ್ಲ, ಕಾಲಿನದು. ಮಣ್ಣಿನ ತಿರುವಿನಲ್ಲಿ ಬೈಕನ್ನು ಮಲಗಿಸಿ ನಾವು ನೆಟ್ಟಗೆ ಕೂರುತ್ತೇವೆ. ತಿರುವಿನ ಕಡೆಯ ಕಾಲನ್ನು ಮುಂದಿನ ಚಕ್ರದ ಪಕ್ಕಕ್ಕೆ ಚಾಚುತ್ತೇವೆ. ರಸ್ತೆಯಲ್ಲಿ ಕಾಲು ಅದನ್ನಿಡುವ ಫುಟ್‌ಪೆಗ್ ಮೇಲೇ ಇರಬೇಕು, ಮೈ ಗಾಡಿಯ ಜೊತೆಗೇ ವಾಲಬೇಕು. ತಲೆಗೆ ಇದೆಲ್ಲ ಗೊತ್ತು, ಕಾಲಿಗೆ ಹೇಳುವವರು ಯಾರು? ಟೆಸ್ಟ್ ರೈಡಿಗೆ ಹೋದಾಗ ಶೋರೂಮಿನ ಹುಡುಗ ಹಿಂದೆ ಕೂತಿದ್ದ. ಮೊದಲ ತಿರುವಿಗೇ ಕಾಲು ಹೊರಗೆ ಹೋಯಿತು.

"ಸರ್, ನಿಲ್ಲಿಸ್ತೀರಾ?"

"ಇಲ್ಲಪ್ಪಾ."

ಮುಂದಿನ ತಿರುವಿನಲ್ಲಿ ಮತ್ತೆ ಕಾಲು. "ಸರ್, ಇಲ್ಲಿ ನಿಲ್ಲಿಸ್ತೀರಾ?" ಆಮೇಲೆ ಅವನು ಕೇಳುವುದನ್ನೇ ಬಿಟ್ಟ. ಕನ್ನಡಿಯಲ್ಲಿ ನೋಡುತ್ತೇನೆ, ಪಾಪ, ಅವನೂ ಕಾಲು ಹೊರಗೆ ಹಾಕಿದ್ದಾನೆ! ಇದು ಯಾವುದೋ ಹೊಸ ಪದ್ಧತಿ ಇರಬೇಕು ಅಂದುಕೊಂಡನೋ ಏನೋ. ಇಬ್ಬರೂ ಒಂದೊಂದು ಕಾಲು ಚಾಚಿಕೊಂಡು, ಬಸ್‌ಸ್ಟಾಪಿನಲ್ಲಿ ನಿಂತವರ ಮುಂದೆ ಗಂಭೀರವಾಗಿ ತಿರುಗಿದೆವು. ಹಂಪ್ ಕಂಡ ಕೂಡಲೇ ನಾನು ಫುಟ್‌ಪೆಗ್ ಮೇಲೆ ಎದ್ದು ನಿಂತೆ. ನನ್ನ ಭುಜ ಹಿಡಿದಿದ್ದ ಅವನೂ ಅರ್ಧ ಎದ್ದ. ಇಷ್ಟರ ನಡುವೆ ಇಂಡಿಕೇಟರ್ ಆಫ್ ಮಾಡಲು ಇಬ್ಬರಿಗೂ ನೆನಪಿರಲಿಲ್ಲ. ಕಾರಿನ ಹಾಗೆ ಅದು ತಾನಾಗಿ ಆಫ್ ಆಗಲ್ಲ, ಅಲ್ವಾ? ಹಿಂದಿನ ಕಾರಿನವನು ನಾವು ಈಗ ತಿರುಗುತ್ತೇವೆ, ಆಗ ತಿರುಗುತ್ತೇವೆ ಅಂತ ಕಾದು ಕಾದು, ಕೊನೆಗೆ ಹಾರ್ನ್ ಮೇಲೆ ಕೈಯಿಟ್ಟವನು ತೆಗೆಯಲೇ ಇಲ್ಲ.

ನಗು ಬರದ ವಿಷಯ ಅಂದರೆ ಬ್ರೇಕ್. ಸಡಿಲ ಮಣ್ಣಿನ ತಿರುವಿನಲ್ಲಿ ಮುಂದಿನ ಬ್ರೇಕ್ ಜೋರಾಗಿ ಒತ್ತಿದರೆ ಮಣ್ಣು ಮುಕ್ಕಬೇಕು. ಹಾಗಾಗಿ ನನ್ನ ಬೆರಳಿಗೆ ಅದರ ಮೇಲೆ ಹಳೇ ಅನುಮಾನ. ಡಾಂಬರಿನಲ್ಲಿ ಗಾಡಿ ನಿಲ್ಲಿಸುವ ಕೆಲಸದ ಮುಕ್ಕಾಲು ಪಾಲು ಆ ಬ್ರೇಕಿನದೇ. ನಾನೋ ಹಿಂದಿನ ಬ್ರೇಕ್ ತುಳಿದು ಚಕ್ರ ಜಾರಿಸಿ ತಿರುಗಿದವನು. ನನಗೆ ಬೇಕಿರುವುದು ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್, ಜಾಸ್ತಿ ಸಿಸಿ ಅಲ್ಲ. ಇದನ್ನು ಹೇಳಿದರೆ ಪಕ್ಕದ ಮೇಜಿನಿಂದ ಒಂದು ಮರುಕದ ನೋಟ ಬರುತ್ತದೆ.

ನನ್ನ ಹಳೇ ಬೈಕಿಗೆ ಕನ್ನಡಿಯೇ ಇರಲಿಲ್ಲ. ಬೇಕೂ ಇರಲಿಲ್ಲ. ಹಿಂದೆ ಬರುವ ಗೆಳೆಯ ಬಿದ್ದರೆ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಗಾಡಿಯ ತೂಕ 100 ಕಿಲೋ ಚಿಲ್ಲರೆ. ಎತ್ತಿ ನಿಲ್ಲಿಸಿ, ಬಗ್ಗಿದ ಕ್ಲಚ್ ಲಿವರನ್ನು ಕೈಯಲ್ಲೇ ನೆಟ್ಟಗೆ ಮಾಡಿ, ನಕ್ಕು ಹೊರಡುತ್ತಿದ್ದೆವು. ಎಷ್ಟು ಸಿಸಿ ಅಂತ ಅಲ್ಲಿ ಯಾರೂ ಕೇಳಿದ್ದು ನೆನಪಿಲ್ಲ. ಆ ಗೆಳೆಯರಲ್ಲಿ ಅರ್ಧ ಜನ ಈಗ ಬೆನ್ನುನೋವು ಅಂತ ಬೈಕ್ ಮಾರಿದ್ದಾರೆ.

ಸರಿ, 400 ಸಿಸಿಯ ಸೆಕೆಂಡ್ ಹ್ಯಾಂಡ್ ಗಾಡಿಯೊಂದನ್ನು ನೋಡಿ ಬಂದಿದ್ದೇನೆ. ಎಬಿಎಸ್ ಇದೆ, ಹ್ಯಾಂಡಲ್ ಎತ್ತರಕ್ಕಿದೆ. ಎರಡೂ ಪಾದ ಪೂರ್ತಿ ನೆಲಕ್ಕೆ ಊರುತ್ತವೆ. ಇಷ್ಟು ವರ್ಷ ಎತ್ತರದ ಸೀಟಿನ ಬೈಕಿನಲ್ಲಿ ತುದಿಗಾಲಲ್ಲೇ ನಿಂತವನಿಗೆ ಸ್ವಲ್ಪ ನಾಚಿಕೆಯೂ ಆಯಿತು ಅನ್ನಿ. ಮುಂಗಡ ಕೊಟ್ಟಾಯಿತು. ಇನ್ನು ಹೆಲ್ಮೆಟ್ ಹುಡುಕಬೇಕು. ಹಳೇದರ ಮುಂದೆ ಟೋಪಿಯ ಅಂಚಿನ ಹಾಗೆ ಚಾಚಿದ ಪೀಕ್ ರಸ್ತೆಯ ವೇಗದಲ್ಲಿ ಗಾಳಿ ಹಿಡಿದು ಕತ್ತು ಎಳೆಯುತ್ತದೆ. ಈ ವಿಷಯ ಮಾತ್ರ ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ.