ಸಂಗೀತ ಪತ್ರಿಕೆ ಮಾಡುವವರೇ, ಮುಖಪುಟ ಕೊನೆಗಿರಲಿ

ಪತ್ರಿಕೋದ್ಯಮವನ್ನೋ ದೃಶ್ಯ ಸಂವಹನವನ್ನೋ ಓದುವವರಿಗೆ "ಒಂದು ಸಂಗೀತ ಪತ್ರಿಕೆ ವಿನ್ಯಾಸ ಮಾಡಿ ತನ್ನಿ" ಎಂದು ಪ್ರಾಜೆಕ್ಟ್ ಕೊಟ್ಟರೆ ಬಹುತೇಕರು ಕೂತ ತಕ್ಷಣ ಮುಖಪುಟಕ್ಕೆ ಕೈ ಹಾಕುತ್ತಾರೆ. ವಾರಗಟ್ಟಲೆ ಅದನ್ನೇ ತಿದ್ದುತ್ತಾರೆ. ಒಳಪುಟಗಳು ಕೊನೆಯ ಎರಡು ರಾತ್ರಿಯಲ್ಲಿ ಆಗುತ್ತವೆ. ಪತ್ರಿಕೆ ಕೈಗೆ ಬಂದಾಗ ಹೊದಿಕೆ ಚೆನ್ನ, ಒಳಗೆ ಓದಲಾಗದ ಕನ್ನಡ. ಕನ್ನಡದ ಸಂಗೀತ ಪತ್ರಿಕೆಯ ವಿನ್ಯಾಸ ಒಳಪುಟದ ಒಂದು ಸಾಲಿನಿಂದ ಶುರುವಾಗಬೇಕು, ಮುಖಪುಟ ಕೊನೆಗೆ ಬರಬೇಕು ಎಂಬುದು ಈ ಬರಹದ ವಾದ.

ಮುಖಪುಟದ ಈ ಮೋಹಕ್ಕೆ ಒಂದು ಕಾರಣವೂ ಇದೆ. ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವ ಮಾದರಿಗಳಲ್ಲಿ ಬಹಳಷ್ಟು ಬ್ರಿಟನ್ನಿನ ಮೀಡಿಯಾ ಸ್ಟಡೀಸ್ ವಿದ್ಯಾರ್ಥಿಗಳವು. ಅಲ್ಲಿನ ಓಸಿಆರ್ ಪರೀಕ್ಷಾ ಮಂಡಳಿ ಕೊಡುತ್ತಿದ್ದ ಕೆಲಸ ಹೀಗಿತ್ತು: ಹೊಸ ಸಂಗೀತ ಪತ್ರಿಕೆಯೊಂದರ ಮುಖಪುಟ, ಪರಿವಿಡಿ, ಎದುರುಬದುರು ಎರಡು ಪುಟಗಳ ಒಂದು ಲೇಖನ, ಬರಹ, ಚಿತ್ರ ಎಲ್ಲ ಸ್ವಂತದ್ದೇ ಇರಬೇಕು, ಕನಿಷ್ಠ ನಾಲ್ಕು ಫೋಟೋ. ಸ್ವಂತ ಫೋಟೋ ತೆಗೆಯಲೇಬೇಕು ಎಂಬ ನಿಯಮ ನಿಜಕ್ಕೂ ಒಳ್ಳೆಯದು, ನಮ್ಮಲ್ಲೂ ಬರಲಿ. ಆದರೆ ಆ ಮಾದರಿಯ ಹಿಂದೆ ಇರುವುದು 1981ರಲ್ಲಿ ಶುರುವಾದ ಕೆರಾಂಗ್‌ನಂಥ ರಾಕ್ ಪತ್ರಿಕೆಗಳು. ಅದರ ಹೆಸರೇ ಎಲೆಕ್ಟ್ರಿಕ್ ಗಿಟಾರಿನ ತಂತಿಗಳನ್ನು ಒಟ್ಟಿಗೆ ಬಾರಿಸಿದಾಗ ಬರುವ ಸದ್ದು. ಶೀರ್ಷಿಕೆಯ ಅಕ್ಷರಗಳು ಸೀಳಿದ ಗಾಜಿನ ಹಾಗೆ. ರೋಮನ್ ದೊಡ್ಡಕ್ಷರವನ್ನು ಹಾಗೆ ಸೀಳಬಹುದು, ಓದಲು ತೊಂದರೆಯಿಲ್ಲ. ನಮ್ಮ ಅಕ್ಷರದಲ್ಲಿ ಒಂದು ಸೀಳೇ ದ-ಧ, ಬ-ಭಗಳ ನಡುವಿನ ವ್ಯತ್ಯಾಸ. ಆ ಅಚ್ಚಿನಲ್ಲಿ ಕನ್ನಡವನ್ನು ಹೊಯ್ಯಲು ಹೋದರೆ ಕನ್ನಡವೇ ಒಡೆಯುತ್ತದೆ.

ಮೊದಲು ಕಂಪ್ಯೂಟರ್ ಮುಚ್ಚಿಡಿ. ನಾಲ್ಕು ಎ3 ಹಾಳೆ ತೆಗೆದುಕೊಂಡು ಒಂದರೊಳಗೊಂದು ಮಡಚಿ, ಪೆನ್ಸಿಲ್‌ನಲ್ಲಿ 1ರಿಂದ 16ರವರೆಗೆ ಪುಟಸಂಖ್ಯೆ ಬರೆಯಿರಿ. ಇದೇ ಡಮ್ಮಿ. ಬಿಚ್ಚಿ ನೋಡಿದರೆ 1ರ ಪಕ್ಕ 16, 2ರ ಪಕ್ಕ 15. ಪ್ರತಿ ಜೋಡಿಯ ಮೊತ್ತ 17. ಮಧ್ಯೆ ಪಿನ್ ಹೊಡೆಯುವ ಪತ್ರಿಕೆಯ ಪುಟಗಳು ನಾಲ್ಕರ ಗುಣಕದಲ್ಲೇ ಇರಬೇಕು ಎನ್ನುವುದು ಈ ಮಡಿಕೆಯಿಂದ ತಾನಾಗಿಯೇ ಅರ್ಥವಾಗುತ್ತದೆ. ಇನ್ನೊಂದೂ ಅರ್ಥವಾಗುತ್ತದೆ: ಓದುವಾಗ ಎದುರುಬದುರಾಗುವ ಪುಟಗಳಲ್ಲಿ ಎರಡೂ ಒಂದೇ ಹಾಳೆಯ ಒಂದೇ ಮೈಮೇಲೆ ಬರುವುದು 8-9 ಮಾತ್ರ. ಉಳಿದ ಎದುರುಬದುರು ಪುಟಗಳೆಲ್ಲ ಬೇರೆ ಬೇರೆ ಹಾಳೆಯವು. ಗಾಯಕಿಯ ಮುಖವನ್ನು 4-5ರ ನಡುವೆ ಹರಡಿದರೆ ಮೂಗಿನ ಹತ್ತಿರ ಒಂದೆರಡು ಮಿಲಿಮೀಟರ್ ಏರುಪೇರಾಗಬಹುದು, ಎರಡು ಕೆನ್ನೆಯ ಬಣ್ಣವೂ ಹೊಂದದೆ ಹೋಗಬಹುದು. ದೊಡ್ಡ ಚಿತ್ರ ಹರಡಲೇಬೇಕೆಂದರೆ 8-9ರಲ್ಲಿ ಹರಡಿ, ಅಲ್ಲೂ ಮುಖ ಮಡಿಕೆಯಿಂದ ಆಚೆಗಿರಲಿ.

ಡಮ್ಮಿ ಹಿಡಿದುಕೊಂಡು ಅಚ್ಚು ಹಾಕಿಸುವ ಅಂಗಡಿಗೆ ಹೋಗಿ ಹಾಳೆಯ ಅಳತೆ ಕೇಳಿ. ಡಿಜಿಟಲ್ ಪ್ರಿಂಟಿನ ಅಂಗಡಿಗಳಲ್ಲಿ ಬಹಳ ಕಡೆ ಇರುವುದು 12×18 ಇಂಚಿನ ಹಾಳೆ, ಅಂದರೆ 305×457 ಮಿ.ಮೀ. ಬಿಚ್ಚಿದ ಎ4 ಪತ್ರಿಕೆಗೆ ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸಿ ತೆಗೆಯಲು ಬಿಡುವ ಹೆಚ್ಚುವರಿ ಅಂಚು) ಸೇರಿಸಿದರೆ 426×303 ಮಿ.ಮೀ. ಲೆಕ್ಕದಲ್ಲಿ ಹಿಡಿಸುತ್ತದೆ. ಆದರೆ ಯಂತ್ರ ಹಾಳೆಯ ಅಂಚಿನಲ್ಲಿ ಕೆಲವು ಮಿಲಿಮೀಟರ್ ಮುದ್ರಿಸುವುದೇ ಇಲ್ಲ, ಕತ್ತರಿಸುವ ಗುರುತಿಗೂ ಜಾಗ ಬೇಕು. ಕೊನೆಗೆ ಅಂಗಡಿಯವರು ಪುಟವನ್ನು ಕುಗ್ಗಿಸಿ ಅಚ್ಚು ಹಾಕಿಕೊಡುತ್ತಾರೆ, ಇಲ್ಲವೇ ಬಣ್ಣ ಅಂಚಿನವರೆಗೆ ಹೋಗದೆ ಬಿಳಿ ಗೆರೆ ಉಳಿಯುತ್ತದೆ. 13×19 ಹಾಳೆ ಇದ್ದರೆ ಸಮಸ್ಯೆ ಇಲ್ಲ. ಇಲ್ಲದಿದ್ದರೆ ಮೊದಲೇ ಪತ್ರಿಕೆಯ ಅಳತೆಯನ್ನು 205×280 ಮಿ.ಮೀ.ಗೆ ಇಳಿಸಿಕೊಂಡುಬಿಡಿ. ಫೈಲ್ ಮುಗಿದ ಮೇಲೆ ಅಳತೆ ಬದಲಿಸುವುದೆಂದರೆ ಪ್ರತಿ ಪುಟವನ್ನೂ ಮತ್ತೆ ಕಟ್ಟಿದ ಹಾಗೆ.

ಈಗ ಅಕ್ಷರಕ್ಕೆ ಬನ್ನಿ. ನಿಜವಾದ ಕೆಲಸ ಇಲ್ಲಿದೆ.

"ಶಾಸ್ತ್ರೀಯ" ಎಂಬ ಪದವನ್ನು 10.5 ಪಾಯಿಂಟ್‌ನಲ್ಲಿ ಟೈಪ್ ಮಾಡಿ, ಅದರ ಕೆಳಗಿನ ಸಾಲಿನಲ್ಲಿ "ವೀಣೆ" ಇಡಿ. ಪುಟ ಕಟ್ಟುವ ಸಾಫ್ಟ್‌ವೇರ್ ಇನ್‌ಡಿಸೈನ್ ತಾನಾಗಿ ಕೊಡುವ ಸಾಲಿನ ಅಂತರ ಅಕ್ಷರದ 120 ಪ್ರತಿಶತ, ಅಂದರೆ 12.6 ಪಾಯಿಂಟ್. ಮೇಲಿನ ಸಾಲಿನ ತ ಒತ್ತು, ಅದರ ಬುಡದ ರ ಒತ್ತು ಇಳಿದು ಬಂದು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತವೆ. ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟು ಮಾಡಿದ ಅಂತರ ಅದು; ಕನ್ನಡಕ್ಕೆ ಸಾಲದು. 10.5ಕ್ಕೆ 16 ಪಾಯಿಂಟ್ ಅಂತರ ಕೊಡಿ. ಎ4ರಲ್ಲಿ ಮೇಲೆ 20, ಕೆಳಗೆ 22 ಮಿ.ಮೀ. ಬಿಟ್ಟರೆ ಉಳಿಯುವ 255 ಮಿ.ಮೀ.ನಲ್ಲಿ ಸರಿಯಾಗಿ 45 ಸಾಲು ಕೂರುತ್ತವೆ. ಹೊರ ಅಂಚು 15, ಒಳ ಅಂಚು 18 ಬಿಟ್ಟರೆ ಅಗಲ 177 ಮಿ.ಮೀ. ಅದನ್ನು ಎರಡು ಕಾಲಂ ಮಾಡಿ, ನಡುವೆ 6 ಮಿ.ಮೀ. ಬಿಟ್ಟರೆ ಒಂದೊಂದು 85.5 ಮಿ.ಮೀ. ಸಾಲಿಗೆ ಸುಮಾರು ಆರು ಪದ. ಇಂಗ್ಲಿಷ್ ಪತ್ರಿಕೆ ನೋಡಿ ಮೂರು ಕಾಲಂ ಮಾಡಿದರೆ ಒಂದೊಂದಕ್ಕೆ 55 ಮಿ.ಮೀ. ಉಳಿಯುತ್ತದೆ. ಅದರಲ್ಲಿ "ನುಡಿಸಿಕೊಂಡಿದ್ದವರೊಂದಿಗೆ" ಎಂಬಂಥ ಪದ ಬಂದರೆ ಸಾಲಿನ ಅರ್ಧ ಅದಕ್ಕೇ ಹೋಗಿ, ಎರಡೂ ಬದಿ ಸಮ ಮಾಡಿದಾಗ ಪದಗಳ ನಡುವೆ ಕಂದಕ ಬೀಳುತ್ತದೆ. ಮೂರು ಕಾಲಂ ಬೇಕೇ ಬೇಕೆಂದರೆ ಎಡಬದಿ ಮಾತ್ರ ಸಮ ಮಾಡಿ, ಬಲಬದಿಯನ್ನು ಹಾಗೇ ಬಿಡಿ.

ಈ ಲೆಕ್ಕದಿಂದ ಇನ್ನೊಂದು ಸತ್ಯ ಹೊರಬೀಳುತ್ತದೆ. ಚಿತ್ರವಿಲ್ಲದ ಪೂರ್ತಿ ಪುಟಕ್ಕೆ ಹಿಡಿಸುವುದು ಸುಮಾರು 500 ಪದ. ತಲೆಬರಹ, ಫೋಟೋ ಇದ್ದರೆ 300. ಅಂದರೆ 1200 ಪದದ ಸಂದರ್ಶನಕ್ಕೆ ನಾಲ್ಕು ಪುಟ ಬೇಕು. ಇದನ್ನು ಮೊದಲೇ ಲೆಕ್ಕ ಹಾಕದವರು ಕೊನೆಗೆ ಅಕ್ಷರವನ್ನು 8.5ಕ್ಕೆ ಇಳಿಸಿ ತುರುಕುತ್ತಾರೆ. ಆ ಅಳತೆಯಲ್ಲಿ ಒತ್ತಕ್ಷರಗಳು ಶಾಯಿಯಲ್ಲಿ ಮುಚ್ಚಿಹೋಗುತ್ತವೆ, ನಲವತ್ತು ದಾಟಿದ ಸಂಗೀತ ರಸಿಕರು ಪುಟ ಮಗುಚಿ ಇಟ್ಟುಬಿಡುತ್ತಾರೆ. ಬರಹವನ್ನು ಎಡಿಟ್ ಮಾಡಿ, ಅಕ್ಷರವನ್ನು ಕುಗ್ಗಿಸಬೇಡಿ.

ಸಾಫ್ಟ್‌ವೇರ್ ಬಗ್ಗೆ ಚಿಕ್ಕದಾಗಿ ಹೇಳುವೆ. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಮೆನುವಿನಿಂದ ವರ್ಲ್ಡ್-ರೆಡಿ ಕಂಪೋಸರ್ ಆಯ್ಕೆ ಮಾಡದಿದ್ದರೆ ಒತ್ತು ಕೆಳಗೆ ಇಳಿಯದೆ ಪಕ್ಕಕ್ಕೇ ನಿಲ್ಲುತ್ತದೆ. ದುಡ್ಡು ಕೊಡದೆ ಕೆಲಸ ಆಗಬೇಕೆಂದರೆ ಸ್ಕ್ರೈಬಸ್ 1.6 ಇದೆ, ಕನ್ನಡ ಸರಿಯಾಗಿ ಕೂಡುತ್ತದೆ. ಲೇಖನದ ಬರಹಕ್ಕೆ ನೋಟೋ ಸೆರಿಫ್ ಕನ್ನಡ ಅಥವಾ ತಿರೋ ಕನ್ನಡ, ತಲೆಬರಹಕ್ಕೆ ಅನೇಕ್ ಕನ್ನಡ, ಎಲ್ಲವೂ ಉಚಿತ. ಅನೇಕ್‌ನಲ್ಲಿ ಕಿರಿದಾದ ರೂಪದಿಂದ ಅಗಲವಾದ ರೂಪದವರೆಗೆ ಇರುವುದರಿಂದ ಉದ್ದದ ರಾಗದ ಹೆಸರೂ ಒಂದೇ ಸಾಲಿನಲ್ಲಿ ಕೂರುತ್ತದೆ. ಅಕ್ಷರಗಳ ನಡುವಿನ ಅಂತರವನ್ನು ಮಾತ್ರ ಹಿಗ್ಗಿಸಬೇಡಿ. "ಕೋ" ಬರೆದು ಹಿಗ್ಗಿಸಿ ನೋಡಿ: ಕೊಂಬು ಒಂದು ಕಡೆ, ದೀರ್ಘ ಇನ್ನೊಂದು ಕಡೆ ಹೋಗಿ ನಿಲ್ಲುತ್ತವೆ. ರಾಗದ ಹೆಸರನ್ನು ಓರೆ ಮಾಡುವುದೂ ಬೇಡ, ಕನ್ನಡಕ್ಕೆ ಅದು ಒಗ್ಗುವುದಿಲ್ಲ. ತುಸು ದಪ್ಪ ಮಾಡಿ ಅಥವಾ ಬಣ್ಣ ಬದಲಿಸಿ.

ಹಿರಿಯ ಲೇಖಕರಿಂದ ಬರಹ ತರಿಸಿಕೊಂಡರೆ ಅದು "ನುಡಿ" ಅಥವಾ "ಬರಹ" ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರಬಹುದು. ಯೂನಿಕೋಡ್‌ಗೆ ಪರಿವರ್ತಿಸಿ ಸುಮ್ಮನಾಗಬೇಡಿ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಕ್ಷರದ ನಂತರ ಬರುತ್ತದೆ. ಯೂನಿಕೋಡ್‌ನಲ್ಲಿ ರ್ ಮೊದಲು ಬರಬೇಕು. ಪರಿವರ್ತಕ ಎಡವುವುದು ಇಲ್ಲೇ. ಸಂಗೀತದ ಬರಹದಲ್ಲಿ ವರ್ಣ, ಕೀರ್ತನೆ, ಕರ್ನಾಟಕ ಇಲ್ಲದ ಪ್ಯಾರಾ ಉಂಟೇ? ಆ ಮೂರು ಪದಗಳನ್ನು ಹುಡುಕಿ ಹುಡುಕಿ ನೋಡಿ. ಹಾಗೆಯೇ ಶ್ರುತಿಯೇ ಹೊರತು ಶೃತಿ ಅಲ್ಲ, ಮಾಯಾಮಾಳವಗೌಳವೋ ಗೌಡವೋ, ಧೈವತಕ್ಕೆ ದ ಬರೆಯಬೇಕೋ ಧ ಬರೆಯಬೇಕೋ ಎಂದು ಒಂದು ಹಾಳೆಯಲ್ಲಿ ನಿರ್ಧರಿಸಿ ಬರೆದು ಗೋಡೆಗೆ ಅಂಟಿಸಿ.

ಸಂಗೀತ ಪತ್ರಿಕೆ ಎಂದ ಮೇಲೆ ಅದರಲ್ಲಿ ಸಂಗೀತ ಇರಬೇಕಲ್ಲ? ಕಲಾವಿದರ ಫೋಟೋ, ಮಾತು, ಕಚೇರಿಯ ವರದಿ ಎಲ್ಲ ಇದ್ದು ಸ್ವರಲಿಪಿಯ (ಹಾಡನ್ನು ಸರಿಗಮದಲ್ಲಿ ಬರೆದಿಡುವ ಕ್ರಮ) ಒಂದು ಪುಟವೂ ಇಲ್ಲದ ಪ್ರಾಜೆಕ್ಟುಗಳೇ ಹೆಚ್ಚು. ಕಷ್ಟ ಎಂದು ಬಿಡುತ್ತಾರೆ. ಅದನ್ನು ಬಿಡಬೇಡಿ. ವಿನ್ಯಾಸ ಕಲಿಯಲು ಅದಕ್ಕಿಂತ ಒಳ್ಳೆಯ ಪುಟ ಬೇರೆ ಇಲ್ಲ.

ಎಲ್ಲರಿಗೂ ಗೊತ್ತಿರುವ ಮೊದಲ ಸರಳೆಯನ್ನೇ ತೆಗೆದುಕೊಳ್ಳಿ: ಸ ರಿ ಗ ಮ | ಪ ದ | ನಿ ಸ ||. ಆದಿತಾಳ, 4+2+2 ಎಣಿಕೆ. ಕೊನೆಯ ಸ ತಾರಸ್ಥಾಯಿಯದು, ಅಂದರೆ ಮೇಲಿನ ಸ್ಥಾಯಿಯದು, ತಲೆಯ ಮೇಲೆ ಚುಕ್ಕೆ ಬೇಕು. ಕೆಳಗಿನ ಸ್ಥಾಯಿಯಾದ ಮಂದ್ರಕ್ಕಾದರೆ ಚುಕ್ಕೆ ಕೆಳಗೆ. ಹಲವು ಕನ್ನಡ ಫಾಂಟುಗಳಲ್ಲಿ ಈ ಚುಕ್ಕೆ ಇಲ್ಲ, ಹಾಕಿದರೂ ಅದು ಪಕ್ಕಕ್ಕೆ ಜಾರುತ್ತದೆ. ಕೆಲವರು ಸೊನ್ನೆಯನ್ನೇ ಒತ್ತಿಬಿಡುತ್ತಾರೆ. ಆಗ ಅದು "ಸಂ" ಆಗುತ್ತದೆ, ಸ್ವರವಲ್ಲ. ಸ್ಪೇಸ್ ಬಾರ್ ಒತ್ತಿ ಒತ್ತಿ ಗೆರೆಗಳನ್ನು ಒಂದರ ಕೆಳಗೊಂದು ನಿಲ್ಲಿಸಲು ನೋಡುವುದೂ ವ್ಯರ್ಥ, "ನಿ"ಯ ಅಗಲ ಬೇರೆ, "ಮ"ದ ಅಗಲ ಬೇರೆ.

ಇದಕ್ಕೆ ದಾರಿ ಕೋಷ್ಟಕ. 177 ಮಿ.ಮೀ. ಪೂರ್ತಿ ಅಗಲಕ್ಕೆ 11 ಮಿ.ಮೀ.ನ 16 ಮನೆ ಮಾಡಿ, ಎಣಿಕೆಗೆ ಎರಡು ಸ್ವರದಂತೆ ಒಂದು ಆವರ್ತ (ತಾಳದ ಒಂದು ಪೂರ್ಣ ಸುತ್ತು) ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಪ್ರತಿ ಆವರ್ತಕ್ಕೆ ನಾಲ್ಕು ಅಡ್ಡಸಾಲು: ಮೇಲೆ ತಾರದ ಚುಕ್ಕೆಗೆ ಒಂದು ತೆಳು ಸಾಲು, ನಂತರ ಸ್ವರ, ಅದರ ಕೆಳಗೆ ಮಂದ್ರದ ಚುಕ್ಕೆಗೆ ಇನ್ನೊಂದು ತೆಳು ಸಾಲು, ಕೊನೆಗೆ ಸಾಹಿತ್ಯ. ಚುಕ್ಕೆಗೆ ತನ್ನದೇ ಸಾಲು ಸಿಕ್ಕರೆ "ರಿ", "ನಿ"ಗಳ ಗುಡಿಸಿಗೆ ಅದು ತಗುಲುವುದಿಲ್ಲ. ಮನೆಗಳ ಗೆರೆ ಕಾಣದಂತೆ ಮಾಡಿ, 8, 12, 16ನೇ ಮನೆಯ ಬಲಕ್ಕೆ ಮಾತ್ರ ತಾಳದ ಗೆರೆ ಬಿಡಿ. ಸ್ವರವನ್ನು ಒಂದು ಮನೆಯಷ್ಟು ಎಳೆದರೆ ಅಲ್ಪವಿರಾಮ, ಎರಡು ಮನೆಯಷ್ಟು ಎಳೆದರೆ ಅರ್ಧವಿರಾಮ ಚಿಹ್ನೆ. ಅರ್ಧವಿರಾಮ ಬಂದಲ್ಲಿ ಎರಡು ಮನೆಯನ್ನು ಕೂಡಿಸಿ. ಧಾರವಾಡದ ಕಡೆಯವರು ಹಿಂದೂಸ್ತಾನಿ ಬಂದಿಶ್ ಹಾಕುವುದಾದರೆ ಇದೇ 16 ಮನೆ ತೀನ್‌ತಾಳಕ್ಕೂ ಹೊಂದುತ್ತದೆ. ಹಿಂದೂಸ್ತಾನಿಯ ಭಾತಖಂಡೆ ಸ್ವರಲಿಪಿ ಪದ್ಧತಿಯಲ್ಲಿ ಕೋಮಲ (ಇಳಿಸಿದ) ಸ್ವರಕ್ಕೆ ಅಡಿಗೆರೆ, ತೀವ್ರ (ಏರಿಸಿದ) ಮಧ್ಯಮಕ್ಕೆ ಮೇಲೆ ನೆಟ್ಟಗೆರೆ. ಮಂದ್ರದ ಕೋಮಲ ನಿಷಾದಕ್ಕೆ ಗೆರೆ, ಚುಕ್ಕೆ ಎರಡೂ ಕೆಳಗೇ ಬರುವುದರಿಂದ ಕೆಳಗಿನ ತೆಳು ಸಾಲನ್ನು ಸ್ವಲ್ಪ ಎತ್ತರ ಮಾಡಿಕೊಳ್ಳಿ. ಮುಗಿದ ಮೇಲೆ ಆ ಪುಟವನ್ನು ಹಾಡಬಲ್ಲ ಒಬ್ಬರ ಕೈಗೆ ಕೊಡಿ. ತಾಳ ಹಾಕಿಕೊಂಡು ತಡವರಿಸದೆ ಹಾಡಿದರೆ ವಿನ್ಯಾಸ ಗೆದ್ದಿತು. ಎಲ್ಲಿ ನಿಂತರೋ ಅಲ್ಲಿ ತಪ್ಪಿದೆ.

ಫೋಟೋ ವಿಷಯದಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ, ಅದು ಮನಸ್ಸಿಗೆ ನೋವು ಕೊಡುವಂಥದ್ದು. ಕಲಾವಿದರು ಪುಟದ ಒಳಮುಖವಾಗಿ ನೋಡುತ್ತಿರಲಿ ಎಂದು ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸುತ್ತಾರೆ. ಮೃದಂಗದ ಕಪ್ಪು ಕರಣೆ ಬಲಗೈಯಿಂದ ಎಡಗೈಗೆ ಹೋಗುತ್ತದೆ, ವೀಣೆಯನ್ನು ಎಡಗೈಯಲ್ಲಿ ಮೀಟಿದಂತೆ ಕಾಣುತ್ತದೆ. ವಿನ್ಯಾಸಕಾರರಿಗೆ ಗೊತ್ತಾಗದಿರಬಹುದು, ಓದುಗರಿಗೆ ಮೊದಲ ನೋಟಕ್ಕೇ ಗೊತ್ತಾಗುತ್ತದೆ. ಚಿತ್ರ ತಿರುಗಿಸುವ ಬದಲು ಪುಟ ಬದಲಿಸಿ: ಎಡಪುಟದ್ದನ್ನು ಬಲಪುಟಕ್ಕೆ ಹಾಕಿ. ಅಡಿಬರಹದಲ್ಲಿ ಪಕ್ಕವಾದ್ಯದವರೆಲ್ಲರ ಹೆಸರಿರಲಿ, ತಂಬೂರಿ ಹಿಡಿದವರದೂ ಸೇರಿ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ರೀತಿಯಲ್ಲಿ ಕಳಿಸಿದ ಚಿತ್ರ ಉದ್ದಕ್ಕೆ 1600 ಪಿಕ್ಸೆಲ್ ಆಸುಪಾಸಿಗೆ ಇಳಿದಿರುತ್ತದೆ. 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ, ಅದು 135 ಮಿ.ಮೀ. ಮಾತ್ರ. ಬ್ಲೀಡ್ ಸೇರಿದ ಎ4 ಮುಖಪುಟಕ್ಕೆ 2551×3579 ಪಿಕ್ಸೆಲ್ ಬೇಕು. ಡಾಕ್ಯುಮೆಂಟ್ ರೂಪದಲ್ಲಿ ಕಳಿಸಲು ಹೇಳಿ. ವೇದಿಕೆಯ ಕಡುನೀಲಿ ಎಲ್‌ಇಡಿ ಬೆಳಕು ಪರದೆಯ ಮೇಲೆ ಹೊಳೆದರೂ ಅಚ್ಚಿನ ನಾಲ್ಕು ಬಣ್ಣದ ಸಿಎಂವೈಕೆ ಶಾಯಿಯಲ್ಲಿ ಮಂಕು ನೇರಳೆಯಾಗುತ್ತದೆ. ಅಂಥವನ್ನು ಕಪ್ಪು-ಬಿಳುಪು ಮಾಡಿದರೆ ಮುಖದ ಭಾವವಾದರೂ ಉಳಿಯುತ್ತದೆ. ಬರಹದ ಕಪ್ಪು ಬಣ್ಣ ನಾಲ್ಕು ಶಾಯಿಗಳ ಮಿಶ್ರಣ ಆಗಕೂಡದು, ಕಪ್ಪು ಶಾಯಿ ಒಂದೇ 100 ಪ್ರತಿಶತ. ಇಲ್ಲದಿದ್ದರೆ ಶಾಯಿಗಳು ಕೂದಲೆಳೆ ಸರಿದರೂ ಒತ್ತುಗಳ ಸುತ್ತ ಬಣ್ಣದ ನೆರಳು ಮೂಡುತ್ತದೆ.

ಇಷ್ಟೆಲ್ಲ ಆದ ಮೇಲೆ ಮುಖಪುಟ. ಆಗ ನಿಮ್ಮ ಹತ್ತಿರ ಅಕ್ಷರವಿದೆ, ಬಣ್ಣವಿದೆ, ಯಾವ ಲೇಖನ ಚೆನ್ನಾಗಿದೆ ಎಂಬುದೂ ಗೊತ್ತಿದೆ. ಒಂದು ದಿನದ ಕೆಲಸ. ಶೀರ್ಷಿಕೆಯ ಮೇಲೆ ಗಾಯಕರ ತಲೆ ಬರುವಂತೆ ಮಾಡುವ ಇಂಗ್ಲಿಷ್ ಪತ್ರಿಕೆಗಳ ಅಭ್ಯಾಸವನ್ನು ಮಾತ್ರ ಯೋಚಿಸಿ ಅನುಸರಿಸಿ. ಪತ್ರಿಕೆಯ ಹೆಸರು "ಸ್ವರ" ಎಂದಿಟ್ಟುಕೊಳ್ಳಿ. ತಲೆ ಕೆಳಗಿನಿಂದ ಬಂದು ವ ಒತ್ತನ್ನು ಮುಚ್ಚಿದರೆ ಅಂಗಡಿಯಲ್ಲಿ ತೂಗುಹಾಕಿದಾಗ ಅದು "ಸರ". ಒತ್ತಿಲ್ಲದ ಕಡೆ, "ರ"ದ ಮೂಲೆಗೆ ತಲೆಯನ್ನು ಸರಿಸಿ.

ಪ್ರಾಜೆಕ್ಟಿನ ಜೊತೆ ಕೊಡುವ ವರದಿಯಲ್ಲಿ "ಬಹಳ ಕಲಿತೆವು" ಎಂದು ಪುಟ ತುಂಬಿಸುವ ಬದಲು ಮೊದಲ ಪ್ರೂಫ್ ಅನ್ನೇ ಲಗತ್ತಿಸಿ. 12.6ರ ಸಾಲು, 16ರ ಸಾಲು ಎರಡನ್ನೂ ಅಕ್ಕಪಕ್ಕ ಅಂಟಿಸಿ. ಹಾಡಿದವರು ತಡವರಿಸಿದ ಮನೆಗೆ ಕೆಂಪು ಸುತ್ತು ಹಾಕಿ, ಪಕ್ಕದಲ್ಲಿ ತಿದ್ದಿದ ಕೋಷ್ಟಕ ಇಡಿ. ಮಡಚಿದ ಆ ಪೆನ್ಸಿಲ್ ಡಮ್ಮಿಯನ್ನೂ ಎಸೆಯದೆ ಅದರೊಳಗೆ ಸೇರಿಸಿ ಪಿನ್ ಹೊಡೆಯಿರಿ.