ಷೋಕೇಸಿನಲ್ಲಿದ್ದ ಬಿಳಿ ಹವಳ

ಮಂಗಳೂರಿನ ನಮ್ಮ ಮನೆಯ ಷೋಕೇಸಿನಲ್ಲಿ ಒಂದು ಬಿಳಿ ಕಲ್ಲಿತ್ತು. ಸಣ್ಣ ಹೂಕೋಸಿನಷ್ಟು ದೊಡ್ಡದು, ಹೆಚ್ಚುಕಮ್ಮಿ ಅದೇ ಆಕಾರ. ಅಪ್ಪನಿಗೆ ಹಳೇ ಬಂದರಿನಲ್ಲಿ ಕೆಲಸ. ಲಕ್ಷದ್ವೀಪದಿಂದ ಕೊಬ್ಬರಿ, ನಾರು ಹೊತ್ತು ಮಂಜಿಗಳು, ಅಂದರೆ ಮರದ ಸರಕು ಹಡಗುಗಳು, ಬರುತ್ತಿದ್ದವು. ವಾಪಸ್ ಹೋಗುವಾಗ ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ತುಂಬಿಕೊಂಡು ಹೋಗುತ್ತಿದ್ದವು. ಯಾರೋ ಮಂಜಿಯವರು ಪ್ರೀತಿಯಿಂದ ಅಪ್ಪನಿಗೆ ಕೊಟ್ಟ ಕಲ್ಲು ಅದು. ಕಣ್ಣಿನ ಹತ್ತಿರ ಹಿಡಿದರೆ ಮೈತುಂಬಾ ಪುಟ್ಟ ಪುಟ್ಟ ನಕ್ಷತ್ರದಂಥ ತೂತುಗಳು. ಅದರಲ್ಲಿ ಊದಿನಕಡ್ಡಿ ಸಿಕ್ಕಿಸಲು ಹೋಗಿ ಬೈಸಿಕೊಂಡಿದ್ದೇನೆ. ಈಗ ಹಾಗೆ ಹವಳ ತಂದು ಇಟ್ಟುಕೊಂಡರೆ ಕೇಸು ಬೀಳುತ್ತದೆ. ದಿಬ್ಬ ಕಟ್ಟುವ ಹವಳಗಳಿಗೆ ಕಾನೂನಿನಲ್ಲಿ ಹುಲಿಗಿರುವಷ್ಟೇ ರಕ್ಷಣೆ ಇದೆ. ನಾನು ಹೇಳುತ್ತಿರುವುದು ಅದಕ್ಕೂ ಹಿಂದಿನ ಮಾತು.

ಹವಳ ಅಂದರೆ ಬಿಳಿ ಅಂತಲೇ ತುಂಬಾ ವರ್ಷ ನಂಬಿದ್ದೆ. ಅಮ್ಮನ ತಾಳಿಯ ಕೆಂಪು ಹವಳಕ್ಕೂ ಇದಕ್ಕೂ ಏನು ನೆಂಟಸ್ತಿಕೆ ಅಂತ ತಲೆಗೆ ಹೋಗಿರಲಿಲ್ಲ. ಆ ಕೆಂಪಿನದು ಬೇರೆ ಬಳಗ. ಸಮುದ್ರದಲ್ಲಿ ದಿಬ್ಬ ಕಟ್ಟುವುದು ನಮ್ಮ ಹೂಕೋಸಿನ ಬಳಗ. ಕಲ್ಲಿನ ಒಂದೊಂದು ತೂತೂ ಒಂದೊಂದು ಪುಟ್ಟ ಪ್ರಾಣಿಯ ಮನೆ. ಆ ಪ್ರಾಣಿಯ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಬಾಡಿಗೆಗೆ ಇರುತ್ತದೆ. ಬಿಸಿಲಿನಲ್ಲಿ ಅಡುಗೆ ಮಾಡಿ ಮಾಲೀಕನಿಗೂ ಬಡಿಸುತ್ತದೆ. ಹವಳದ ಹೊಟ್ಟೆ ಬಹುಪಾಲು ತುಂಬುವುದು ಅದರಿಂದಲೇ, ಬಣ್ಣ ಬರುವುದೂ ಅದರಿಂದಲೇ. ಬೇಸಿಗೆಯಲ್ಲಿ ನೀರು ಮಾಮೂಲಿಗಿಂತ ಒಂದೇ ಒಂದು ಡಿಗ್ರಿ ಜಾಸ್ತಿ ಕಾದು ಕೆಲವು ವಾರ ಹಾಗೇ ಇದ್ದರೆ ಸಾಕು, ಸಂಸಾರ ಮುರಿಯುತ್ತದೆ. ಪಾಚಿ ಹೊರಬೀಳುತ್ತದೆ. ಉಳಿದ ಗಾಜಿನಂಥ ಚರ್ಮದೊಳಗಿಂದ ಬಿಳಿ ಎಲುಬು ಕಾಣುತ್ತದೆ. ಆಗ ಹವಳ ಇನ್ನೂ ಸತ್ತಿರುವುದಿಲ್ಲ, ಉಪವಾಸ ಇರುತ್ತದೆ. ನೀರು ಬೇಗ ತಣ್ಣಗಾದರೆ ಬದುಕುತ್ತದೆ, ಇಲ್ಲದಿದ್ದರೆ ಇಲ್ಲ.

2024ರ ಜನವರಿ ನೆನಪಿದೆಯಾ? ಎಲ್ಲರ ವಾಲ್ ಮೇಲೂ ಲಕ್ಷದ್ವೀಪ. ನೀಲಿ ನೀರು, ಬಿಳಿ ಮರಳು, 'ಮಾಲ್ಡೀವ್ಸ್ ಯಾಕೆ, ನಮ್ಮದೇ ಇದೆಯಲ್ಲ' ಅನ್ನುವ ಸಾಲು. ನಾನೂ ಒಂದೆರಡು ಶೇರ್ ಮಾಡಿದ್ದೆ, ಸುಳ್ಳು ಯಾಕೆ ಹೇಳಲಿ. ಅದೇ ಬೇಸಿಗೆಯಲ್ಲಿ ಅಲ್ಲಿನ ಹವಳ ಬೆಳ್ಳಗಾಯಿತು. ಆ ಸುದ್ದಿಯನ್ನು ಶೇರ್ ಮಾಡಿದಾಗ ಬಿದ್ದ ಲೈಕು ಹನ್ನೊಂದು. ಜೊತೆಗೆ ಒಂದು ಕಮೆಂಟು: 'ಪ್ರಕೃತಿ ತನ್ನನ್ನು ತಾನೇ ಸರಿಮಾಡಿಕೊಳ್ಳುತ್ತೆ ಸರ್, ಟೆನ್ಶನ್ ಬೇಡ.'

ಈ ಬರಹ ಆ ಕಮೆಂಟಿಗೆ ಉತ್ತರ. ಯಾಕೆಂದರೆ ಅದು ಅರ್ಧ ನಿಜ. ಪೂರ್ತಿ ಸುಳ್ಳಾಗಿದ್ದರೆ ಸುಮ್ನೆ ಬಿಟ್ಟುಬಿಡುತ್ತಿದ್ದೆ.

ಅರ್ಧ ನಿಜ ಅಂತ ಗೊತ್ತಾಗಿದ್ದು ಒಬ್ಬರು ವಿಜ್ಞಾನಿಯ ಹಟದಿಂದ. ರೋಹನ್ ಆರ್ಥರ್. ನಮ್ಮ ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಶನ್‌ನವರು. ಹೌದು, ಸಮುದ್ರವೇ ಇಲ್ಲದ ಮೈಸೂರು! 1998ರಲ್ಲಿ ಎಲ್ ನಿನೊ (ಕೆಲವು ವರ್ಷಕ್ಕೊಮ್ಮೆ ಪೆಸಿಫಿಕ್ ಸಾಗರದ ನೀರು ವಿಪರೀತ ಕಾಯುವುದು) ಬಂದು ಪ್ರಪಂಚದ ಎಷ್ಟೋ ಕಡೆ ಹವಳ ಬೆಂದಾಗ ಅವರು ಲಕ್ಷದ್ವೀಪದ ನೀರಿನಲ್ಲಿದ್ದರು. ಆಮೇಲೆ ಅವರು ಮತ್ತು ಅವರ ತಂಡ ಅದೇ ಜಾಗಗಳಿಗೆ ಮತ್ತೆ ಮತ್ತೆ ಹೋಗಿ ಮುಳುಗಿದ್ದಾರೆ. ಇಲ್ಲಿ ಎಷ್ಟು ಹವಳ ಜೀವಂತ ಇದೆ, ಯಾವ ಜಾತಿ, ಯಾವ ಮೀನು ಅಂತ ಲೆಕ್ಕ ಬರೆದುಕೊಂಡು ಬಂದಿದ್ದಾರೆ. ಅಗತ್ತಿ, ಕದ್ಮತ್, ಕವರತ್ತಿ, ಮೂರು ದ್ವೀಪಗಳ 24 ವರ್ಷದ ಲೆಕ್ಕ.

(ಕದ್ಮತ್ ಅಂದಾಗ ನೆನಪಾಯಿತು. ಅಮೀನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ, ಇವೆಲ್ಲ 1956ರವರೆಗೆ ಮದ್ರಾಸಿನ ಕೈಕೆಳಗಿದ್ದ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ದೂರದ ನೆಂಟರೇನೂ ಅಲ್ಲ.)

ಆ ಲೆಕ್ಕ ಏನು ಹೇಳುತ್ತದೆ? 1998ರಲ್ಲಿ ನೂರಕ್ಕೆ ಸುಮಾರು 37 ಪಾಲು ಜಾಗದಲ್ಲಿ ಜೀವಂತ ಹವಳ ಇತ್ತು. 2022ಕ್ಕೆ ಅದು 19ರ ಹತ್ತಿರ ಬಂದಿದೆ. ನಡುವೆ ಮೂರು ಸಲ ಬಿಸಿಯ ಹೊಡೆತ: 1998, 2010, 2016. ವಿಚಿತ್ರ ಅಂದರೆ, ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಸಾವು ಕಡಿಮೆ. ಮೊದಲು ಓದಿದಾಗ ನನಗೂ ಖುಷಿಯಾಯಿತು, ಅಭ್ಯಾಸವಾಯಿತಲ್ಲ ಅಂತ. ಆದರೆ ಕೊಂಬೆಕೊಂಬೆಯಾಗಿ, ಮೇಜಿನ ಹಲಗೆಯಂತೆ ಹರಡಿ ಬೇಗ ಬೆಳೆಯುವ ಹವಳಗಳೇ ಬಿಸಿಗೆ ಮೊದಲು ಸಾಯುವುದು. ಗುಂಡುಕಲ್ಲಿನಂಥ, ನಿಧಾನಕ್ಕೆ ಬೆಳೆಯುವ ಗಟ್ಟಿಪಿಂಡಗಳು ಉಳಿದುಕೊಳ್ಳುತ್ತವೆ. ಊರಲ್ಲಿ ಈ ವರ್ಷ ಸಾವು ಕಡಿಮೆ ಅಂತ ಸಂತೋಷಪಡುವ ಮುಂಚೆ ಊರಲ್ಲಿ ಎಷ್ಟು ಜನ ಉಳಿದಿದ್ದಾರೆ ಅಂತ ಎಣಿಸಬೇಕು, ಅಲ್ವಾ?

ಇನ್ನು ಚೇತರಿಕೆ. ಅದೂ ಆಗುತ್ತದೆ, ಅವರೇ ಕಣ್ಣಾರೆ ಕಂಡಿದ್ದಾರೆ. ಆದರೆ ಹೊಡೆತ ಬಿದ್ದ ಮೊದಲ ಕೆಲವು ವರ್ಷ ಹೆಚ್ಚೇನೂ ನಡೆಯುವುದಿಲ್ಲ. ಸತ್ತ ಹವಳ ಮುರಿದು ಚೂರಾಗಿರುತ್ತದೆ. ಮಳೆಗಾಲದ ಅಲೆಗೆ ಆ ಚೂರು ಉರುಳಾಡಿ, ಅದರ ಮೇಲೆ ಕೂತ ಮರಿ ಹವಳವೂ ಸಾಯುತ್ತದೆ. ಬಿಸಿ ಇಲ್ಲದ ಆರು ವರ್ಷ ಸಿಕ್ಕ ಮೇಲೆಯೇ ಬೆಳವಣಿಗೆ ವೇಗ ಹಿಡಿಯುವುದು. 1998ರಿಂದ 2010ಕ್ಕೆ ಹನ್ನೆರಡು ವರ್ಷದ ಬಿಡುವು ಸಿಕ್ಕಿತ್ತು. ಅಲ್ಲಿಂದ 2016ಕ್ಕೆ ಆರೇ ವರ್ಷ. ಅಲ್ಲಿಂದ 2024ಕ್ಕೆ ಎಂಟು. ಕೂಲಿಯವನು ಸಾಲ ತೀರಿಸಿ ಎದ್ದು ನಿಲ್ಲುವಷ್ಟರಲ್ಲಿ ಇನ್ನೊಂದು ಆಸ್ಪತ್ರೆ ಖರ್ಚು ಬಂದ ಹಾಗೆ. ಅವನಿಗೆ ದುಡಿಯುವ ತಾಕತ್ತಿಲ್ಲ ಅಂತಲ್ಲ. ಪುರುಸೊತ್ತು ಸಿಕ್ಕಿಲ್ಲ ಅಷ್ಟೇ.

ಹಾಗಾದರೆ ಲಕ್ಷದ್ವೀಪ ಇಷ್ಟಾದರೂ ಹೇಗೆ ಚೇತರಿಸಿಕೊಂಡಿತು? ನನಗೆ ತುಂಬಾ ಇಷ್ಟವಾದ ಭಾಗ ಇದು. ಹವಳ ಸತ್ತ ಜಾಗದಲ್ಲಿ ಪಾಚಿ ಹಬ್ಬುತ್ತದೆ (ಒಳಗೆ ಬಾಡಿಗೆಗಿದ್ದ ಪಾಚಿಯಲ್ಲ, ಇದು ಬೇರೆ). ಪಾಚಿ ಹಬ್ಬಿದ ಕಡೆ ಮರಿ ಹವಳ ಕೂರುವುದು ಕಷ್ಟ, ಅದಕ್ಕೆ ಚೊಕ್ಕಟವಾದ ಗಟ್ಟಿ ನೆಲ ಬೇಕು. ಆ ನೆಲ ಕೆರೆದು ಚೊಕ್ಕ ಮಾಡಿಕೊಡುವುದು ಗಿಣಿ ಕೊಕ್ಕಿನ ಪ್ಯಾರಟ್ ಫಿಶ್ ಮತ್ತು ಅದರಂಥ ಪಾಚಿ ತಿನ್ನುವ ಮೀನುಗಳು. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಒಮ್ಮೆ ನೀರಿಗೆ ಇಳಿದಿದ್ದೆ. ಅಲ್ಲಿ ಅವು ಕಲ್ಲು ಕೆರೆಯುವ ಸದ್ದು ನೀರೊಳಗೆ ಕಿವಿಗೆ ಸ್ಪಷ್ಟವಾಗಿ ಕೇಳಿಸಿತು, ಯಾರೋ ಪಕ್ಕದಲ್ಲಿ ಕೂತು ಚಕ್ಕುಲಿ ಕಡಿದ ಹಾಗೆ. (ನಮ್ಮನ್ನು ಕರೆದೊಯ್ದವನು ಫೋಟೊಗಾಗಿ 'ಹವಳ ಹಿಡ್ಕೊಳ್ಳಿ ಸರ್' ಅಂದ. ನಾನೂ ಹಿಡಿದೆ. ಆ ಫೋಟೊ ಆಮೇಲೆ ಡಿಲೀಟ್ ಮಾಡಿದೆ.)

ಲಕ್ಷದ್ವೀಪದವರು ಈ ಮೀನುಗಳನ್ನು ಹೆಚ್ಚು ಹಿಡಿಯಲಿಲ್ಲ. ಅವರದು ಟ್ಯೂನಾ, ನಮ್ಮ ಕಡೆ ಕೇದರ್ ಅಂತೀವಲ್ಲ, ಅದು. ಅದನ್ನು ಬಲೆ ಹಾಕಿಯೂ ಅಲ್ಲ, ದೋಣಿಯ ಹಿಂಬದಿ ಸಾಲಾಗಿ ನಿಂತು ಕೋಲುಗಾಳದಲ್ಲಿ ಒಂದೊಂದಾಗಿ ಎಳೆದು ಹಾಕುತ್ತಾರೆ. ಅಲ್ಲಿನದೇ ಮಿನಿಕಾಯ್ ದ್ವೀಪದವರ ಹಳೇ ಪದ್ಧತಿ, 1960ರ ದಶಕದಲ್ಲಿ ಸರ್ಕಾರ ಉಳಿದ ದ್ವೀಪಗಳಿಗೂ ಕಲಿಸಿತು. ಆಗ ಹವಳದ ಚಿಂತೆ ಯಾರಿಗೂ ಇರಲಿಲ್ಲ. ಆದರೂ ಜನರ ಕೈ ಹೊರ ಸಮುದ್ರದ ಕಡೆ ತಿರುಗಿದ್ದರಿಂದ ದಿಬ್ಬದ ಮೀನು ಉಳಿಯಿತು. ಆ ಮೀನಿನಿಂದ ದಿಬ್ಬ ಎದ್ದು ಕೂರುವುದಕ್ಕೆ ಆಸರೆ ಸಿಕ್ಕಿತು. ಈಚೆಗೆ ಮುರು ಮೀನಿನಂಥ ದಿಬ್ಬದ ಮೀನುಗಳಿಗೂ ವ್ಯಾಪಾರಿಗಳು ಬರುತ್ತಿದ್ದಾರೆ. ನನಗೆ ಭಯ ಇರುವುದು ಅಲ್ಲಿ.

ಕಮೆಂಟು ಹಾಕಿದ ಗೆಳೆಯರೇ, ಪ್ರಕೃತಿ ತಾನೇ ಸರಿಮಾಡಿಕೊಳ್ಳುತ್ತದೆ ಅನ್ನುವಾಗ ಆ 'ತಾನೇ' ಒಳಗೆ ಇಷ್ಟೆಲ್ಲ ಇದೆ. ಆರು ವರ್ಷದ ಬಿಡುವು ಇದೆ, ಪಾಚಿ ಕೆರೆಯುವ ಮೀನಿದೆ, ಅದನ್ನು ಹಿಡಿಯದೆ ಬಿಟ್ಟ ಮನುಷ್ಯರಿದ್ದಾರೆ. ನೀರಿನ ಬಿಸಿ ಇಳಿಸುವುದು ಅರವತ್ತು ಚಿಲ್ಲರೆ ಸಾವಿರ ಜನರ ದ್ವೀಪಗಳ ಕೈಯಲ್ಲಿಲ್ಲ, ಅದು ನಮ್ಮೆಲ್ಲರ ಹೊಗೆಯ ಲೆಕ್ಕ. ಆದರೆ ಮೀನು ಉಳಿಸುವುದು, ಲಗೂನಿಗೆ (ದಿಬ್ಬದ ಒಳಗಿನ ಆಳವಿಲ್ಲದ ನೀರಿಗೆ) ಕಾಂಕ್ರೀಟು ಸುರಿಯದಿರುವುದು, ಇದೆಲ್ಲ ಇಲ್ಲಿಯೇ ಆಗುವ ಕೆಲಸ. ಹವಳದ ತುಂಡು ನೆಟ್ಟು ಫೋಟೊ ತೆಗೆಸಿಕೊಳ್ಳುವ ಕಾರ್ಯಕ್ರಮಗಳ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ನೆಟ್ಟ ತುಂಡಿಗೂ ಅದೇ ಬಿಸಿನೀರು ತಾನೇ. ಆ ದುಡ್ಡಿನಲ್ಲಿ ಇನ್ನೂ 24 ವರ್ಷ ಎಣಿಸುವವರನ್ನು ಸಾಕಿದರೆ ಒಳ್ಳೆಯದು ಅನ್ನುವುದು ನನ್ನ ಮಾತು. ಎಣಿಸದೇ ಇದ್ದಿದ್ದರೆ 37 ಇತ್ತು ಅಂತ ನೆನಪಿಡುವವರು ಯಾರಿದ್ದರು? 19 ನೋಡಿ 'ಎಷ್ಟು ಚೆನ್ನಾಗಿದೆ' ಅಂತ ಸೆಲ್ಫಿ ತೆಗೆದುಕೊಂಡು ಬರುತ್ತಿದ್ದೆವು.

ಇದನ್ನೆಲ್ಲ ಬರೆಯುವ ಮುಂಚೆ ಅಮ್ಮನಿಗೆ ಫೋನ್ ಮಾಡಿ ಆ ಬಿಳಿ ಕಲ್ಲು ಎಲ್ಲಿ ಅಂತ ಕೇಳಿದೆ.

"ಅದಾ? ಷೋಕೇಸು ಕೊಟ್ಟ ಮೇಲೆ ತುಳಸಿಕಟ್ಟೆ ಹತ್ರ ಇಟ್ಟಿದ್ದೆ. ಅಲ್ಲೇ ಉಂಟು ಮಾರಾಯ. ಮಳೆಗೆ ಪೂರಾ ಪಾಚಿ ಹಿಡಿದಿದೆ. ಒಮ್ಮೆ ಬ್ರಷ್ ಹಾಕಿ ತಿಕ್ಕಬೇಕು" ಅಂದರು.