ಏನಾದ್ರೂ ಕಳ್ಕೊಂಡ್ರಾ ಸಾರ್?

ಹಕ್ಕಿ ನೋಡೋ ಟೂರಿಗೆ ಅಂತ ಭಾನುವಾರ ಬೆಳಗ್ಗೆ ಐದೂವರೆಗೆ ಬಸ್ ಹತ್ತಿದ್ದು ಇಪ್ಪತ್ಮೂರು ಜನ. ಹಕ್ಕಿ ಕಣ್ಣಿಗೆ ಬೀಳಬಾರ್ದು ಅಂತ ಎಲ್ಲರದ್ದೂ ಎಲೆ ಬಣ್ಣದ ಮಿಲಿಟರಿ ಡ್ರೆಸ್ಸು, ಕಾಲಿಗೆ ಮಾತ್ರ ಫಳಫಳ ಕಿತ್ತಳೆ ಶೂ. ಹಕ್ಕಿಗಳಿಗೆ ತೊಂದ್ರೆ ಕೊಡ್ಬಾರ್ದು, ಸೈಲೆನ್ಸ್ ಇರ್ಲಿ ಅಂತ ಗೈಡ್ ಮೊದಲ್ನೇ ರೂಲ್ ಹೇಳಿದ್ರು. ಮೈಕಲ್ಲಿ ಹೇಳಿದ್ರು.

ಎಂಟಕ್ಕೆ ಅಳಿವೆ ತಲುಪೋದು, ಒಂಬತ್ತೂಕಾಲಿಗೆ ಬಿಡೋದು ಅಂತ ಪ್ರೋಗ್ರಾಂ ಶೀಟು. ಅದರ ಒಂದು ಕಾಪಿ ಸಮುದ್ರಕ್ಕೆ ಕಳ್ಸೋದು ಮರ್ತಿದ್ರು ಅನ್ಸುತ್ತೆ. ಸಮುದ್ರದ ಭರತ, ಅಂದ್ರೆ ಉಬ್ಬರ, ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗ್ತಿರುತ್ತೆ, ಅದಕ್ಕೆ ಭಾನುವಾರ ಗೀನುವಾರ ಗೊತ್ತಿಲ್ಲ. ನೀರು ಏರೋ ಹೊತ್ತಿಗೆ ಹೋಗಿದ್ರೆ ಹಕ್ಕಿಗಳು ತಾವಾಗೇ ದಡದ ಕಡೆ ಸರ್ಕೊಂಡು ಬರ್ತವೆ, ಸುಮ್ನೆ ಕೂತಿದ್ರೆ ಆಯ್ತು. ನಾವು ಹೋದಾಗ ಪೂರ್ತಿ ಇಳಿತ, ಕಣ್ಣು ಹಾಯೋವಷ್ಟೂ ಕೆಸರು, ಆ ತುದೀಲಿ ಸಾಸಿವೆ ಚೆಲ್ಲಿದಂಗೆ ಚುಕ್ಕಿಗಳು. ಟೆಲಿಸ್ಕೋಪಲ್ಲಿ ಇಣುಕಿದ್ರೆ ಗೆರೆಬಾಲದ ಗಾಡ್‌ವಿಟ್ಟು ಅನ್ನೋ ವಲಸೆ ಹಕ್ಕಿ, ಉದ್ದ ಕೊಕ್ಕನ್ನ ಬುಡದ ತನಕ ಚುಚ್ಚಿ, ಮುಖಕ್ಕೆಲ್ಲ ಕೆಸರು ಮೆತ್ಕೊಂಡು ಹುಳ ಹುಡುಕ್ತಿದೆ. ನಂಗಂತೂ ಅಷ್ಟಕ್ಕೇ ಟಿಕೆಟ್ ದುಡ್ಡು ವಸೂಲಾಯ್ತು.

ಇದೇ ಜಾತಿಯ ಒಂದು ಮರಿ, ಹುಟ್ಟಿ ಐದೇ ತಿಂಗಳಾಗಿದ್ದು, 2022ರ ಅಕ್ಟೋಬರಲ್ಲಿ ಅಲಾಸ್ಕಾದಿಂದ ಆಸ್ಟ್ರೇಲಿಯಾದ ಟಾಸ್ಮೇನಿಯಾಕ್ಕೆ 11 ದಿನ ಎಲ್ಲೂ ಇಳೀದೆ ಸುಮಾರು 13,560 ಕಿಲೋಮೀಟರ್ ಹಾರಿತ್ತು. ಹೊರಡೋ ಮುಂಚೆ ಇವು ತಿಂದು ತಿಂದು ಮೈಗೆ ಕೊಬ್ಬು ತುಂಬ್ಕೊಳ್ತವೆ, ಲಗೇಜ್ ಕಮ್ಮಿಯಾಗ್ಲಿ ಅಂತ ಹೊಟ್ಟೆ ಕರುಳನ್ನೇ ಕುಗ್ಗಿಸ್ಕೊಳ್ತವೆ. ಕೆಸರಲ್ಲಿ ಸಿಗೋ ಒಂದೊಂದು ತುತ್ತಿಗೂ ಲೆಕ್ಕ. ಇದನ್ನೆಲ್ಲ ಹೇಳಿದ್ದು ಗೈಡೇ, ಚೆನ್ನಾಗೇ ಹೇಳಿದ್ರು, ಎಲ್ಲರೂ ಅಬ್ಬಾ ಅಂದ್ರು, ಅಂದವರಲ್ಲೇ ಫಿರಂಗಿಯಂಥ ಲೆನ್ಸ್ ಹೊತ್ತಿದ್ದೋರು ಒಬ್ರು 'ಹಾರೋ ಶಾಟ್ ಸಿಗ್ಲಿಲ್ವಲ್ಲ' ಅಂತ ಕೆಸರಿಗೆ ಇಳಿದೇಬಿಟ್ರು, ಅವ್ರ ಹಿಂದೆ ಆರು ಜನ, ಒಂದು ಕಿತ್ತಳೆ ಶೂ ಅಲ್ಲೇ ಸಮಾಧಿಯಾಯ್ತು, ಹತ್ರ ಹೋದ್ಮೇಲೆ ಜೋರಾಗಿ ಚಪ್ಪಾಳೆ. ಹನ್ನೊಂದು ದಿನ ಹಾರೋ ತಾಕತ್ತಿರೋ ಹಕ್ಕಿಗೆ ಇನ್ನೊಂದು ರೌಂಡ್ ಏನು ಮಹಾ ಅಂತ.

ಆಮೇಲೆ ಹೊಲದ ಕಡೆ. ಬದುವಿನ ಮೇಲೆ ಕಾಲಿಟ್ಟಿದ್ದೇ ತಡ ಟಿಟ್ಟಿಭ ಕಿರುಚ್ಕೊಂಡು ಎದ್ದು ಸುತ್ತಲಿದ್ದ ಹಕ್ಕಿಗಳಿಗೆಲ್ಲ ಡಂಗುರ ಸಾರ್ತು, ಹೊಲ ಖಾಲಿ. ನಾವು ಇಪ್ಪತ್ಮೂರು ಜನ ಬೈನಾಕ್ಯುಲರ್ ಹಿಡ್ಕೊಂಡು ಬಗ್ಗಿ ಬಗ್ಗಿ ಹುಡುಕ್ತಿದ್ವಿ. ಉಳುತ್ತಿದ್ದ ರೈತ ಟ್ರ್ಯಾಕ್ಟರ್ ನಿಲ್ಲಿಸಿ ಪಾಪ ಕಾಳಜಿಯಿಂದಾನೇ ಕೇಳ್ದ, 'ಏನಾದ್ರೂ ಕಳ್ಕೊಂಡ್ರಾ ಸಾರ್?'

ಅವನ ಹಿಂದೆ, ನಮ್ಮಿಂದ ಹತ್ತೇ ಅಡಿ ದೂರದಲ್ಲಿ, ಮಗುಚಿದ ಮಣ್ಣಲ್ಲಿ ಗೋವಕ್ಕಿಗಳ ದೊಡ್ಡ ಸಂತೆ. ಒಂದು ಎರೆಹುಳ ಎಳೆಯೋದು, ಇನ್ನೊಂದು ಕಸ್ಕೊಳ್ಳೋದು, ಟೈರು ಹೊರಳೋ ಜಾಗಕ್ಕೆ ಒಂದೇ ಗೇಣು ದೂರ ನಿಂತು ಕತ್ತು ಕೊಂಕಿಸಿ ಕಾಯೋದು. ಒಬ್ರೂ ಆ ಕಡೆ ತಿರುಗ್ಲಿಲ್ಲ. ಅದು ನೋಡಿದ ಹಕ್ಕಿಗಳ ಲಿಸ್ಟಲ್ಲಿ ಏಳೂ ನಲವತ್ತಕ್ಕೇ ಟಿಕ್ ಆಗಿತ್ತು, ಬಸ್ ಕಿಟಕಿಯಿಂದ.

ರಾತ್ರಿ ಗ್ರೂಪಿಗೆ ಆ ಹಾರೋ ಶಾಟ್ ಬಂತು. ಬಾಲ ಎಷ್ಟಿವೆ ಎಣಿಸ್ಬಹುದು, ಮುಖ ಒಂದೂ ಇಲ್ಲ. ಕ್ಯಾಪ್ಶನ್ ಏನು ಹಾಕ್ಲಿ ಅಂತ ಕೇಳ್ತಿದ್ದಾರೆ.